ಮೂಗಿನ ಪೈಪು, ಕೈತುತ್ತು: ಮರೆವಿನ ಕಾಯಿಲೆಯ ಕೊನೆಯ ದಿನಗಳ ಚರಿತ್ರೆ

(1)

ಮೊದಲ ಫೋಟೋದಲ್ಲಿರೋ ಹೆಂಗಸನ್ನ ಸ್ವಲ್ಪ ಹೊತ್ತು ನೋಡಿ. ಆಸ್ಪತ್ರೆಯ ಬಿಳಿ ಗೌನು, ಕಟ್ಟದೆ ಬಿಟ್ಟ ಉದ್ದ ಕೂದಲು, ಮಂಡಿಯ ಮೇಲೆ ಹೆಣೆದುಕೊಂಡ ಕೈಗಳು. ಹೆಸರು ಆಗಸ್ಟೆ ಡೆಟರ್. ಸೈಕಾಲಜಿ ಓದುವವರ ಪುಸ್ತಕದಲ್ಲಿ ಈ ಚಿತ್ರ ಇದ್ದೇ ಇರುತ್ತೆ.

1901ರ ನವೆಂಬರ್ 25ರಂದು ಆಕೆಯನ್ನ ಜರ್ಮನಿಯ ಫ್ರಾಂಕ್‌ಫರ್ಟಿನ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ವಯಸ್ಸು 51. ಗಂಡ ರೈಲ್ವೆ ಗುಮಾಸ್ತ. ಮರುದಿನ ಡಾಕ್ಟರ್ ಒಬ್ಬರು ಬಂದು ಪಕ್ಕದಲ್ಲಿ ಕೂತು ಪ್ರಶ್ನೆ ಕೇಳ್ತಾ, ಉತ್ತರಗಳನ್ನ ಹಾಗೇ ಬರೆದುಕೊಳ್ತಾ ಹೋದರು. ಮಧ್ಯಾಹ್ನದ ಊಟಕ್ಕೆ ಹೂಕೋಸು, ಹಂದಿಮಾಂಸ. ‘ಏನು ತಿಂತಾ ಇದೀರಿ?’ ಅಂತ ಕೇಳಿದ್ದಕ್ಕೆ ಆಕೆ ಹೇಳಿದ್ದು, ಪಾಲಕ್ ಅಂತ. ಆ ಡಾಕ್ಟರ್ ಹೆಸರು ಅಲೋಯಿಸ್ ಆಲ್ಝೈಮರ್. ಮುಂದಿನದು ನಿಮಗೆ ಗೊತ್ತು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮೆದುಳನ್ನ ಮ್ಯೂನಿಕ್‌ಗೆ ತರಿಸಿಕೊಂಡು ಸೂಕ್ಷ್ಮದರ್ಶಕದಲ್ಲಿ ನೋಡಿದರು, ಆ ನವೆಂಬರಿನಲ್ಲಿ ಟ್ಯೂಬಿಂಗೆನ್‌ನಲ್ಲಿ ಭಾಷಣ ಮಾಡಿದರು, 1910ರಲ್ಲಿ ಕ್ರೆಪೆಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಕಾಯಿಲೆಗೆ ಇವರ ಹೆಸರಿಟ್ಟರು.

ನನ್ನ ಪ್ರಶ್ನೆ ಬೇರೆ. ಆಗಸ್ಟೆ ಸತ್ತದ್ದು ಹೇಗೆ?

ಆಸ್ಪತ್ರೆಯ ಹಳೇ ದಾಖಲೆಗಳ ನಡುವೆ ಆಕೆಯ ಫೈಲು 1995ರಲ್ಲಿ ಮತ್ತೆ ಸಿಕ್ಕಿತು. ಅದರಲ್ಲೂ ಇದೆ, ಆಲ್ಝೈಮರ್ ಬರೆದ ವರದಿಯಲ್ಲೂ ಇದೆ. ಕೊನೆಗೆ ಕಾಲುಗಳನ್ನ ಹೊಟ್ಟೆಗೆ ಮಡಚಿಕೊಂಡು ಮಲಗಿದ್ದಲ್ಲೇ ಮಲಗಿದ್ದರು. ಮಲ ಮೂತ್ರದ ಮೇಲೆ ಹಿಡಿತ ಇರಲಿಲ್ಲ. ಎಷ್ಟು ನೋಡಿಕೊಂಡರೂ ಬೆನ್ನಿಗೆ ಹಾಸಿಗೆ ಹುಣ್ಣಾಯಿತು, ಆ ಹುಣ್ಣಿನ ನಂಜು ರಕ್ತಕ್ಕೇರಿ 1906ರ ಏಪ್ರಿಲ್ 8ರಂದು ಪ್ರಾಣ ಹೋಯಿತು. 55 ವರ್ಷ.

ಮೆದುಳಿನ ಸ್ಲೈಡು ಜಗತ್ತಿಗೆಲ್ಲ ಗೊತ್ತಾಯ್ತು. ಬೆನ್ನಿನ ಹುಣ್ಣು ಫೈಲಿನಲ್ಲೇ ಉಳೀತು. ಈ ಸರಣಿ ಆ ಎರಡನೇದರ ಬಗ್ಗೆ. ಉದ್ದ ಇದೆ, ಸೇವ್ ಮಾಡಿಕೊಂಡು ಬಸ್ಸಲ್ಲಿ ಓದಿ.

(2)

ನಮ್ಮಲ್ಲಿ ಒಂದು ಮಾತಿದೆ, ‘ಅರವತ್ತಕ್ಕೆ ಅರಳು ಮರಳು’. ನಗುನಗುತ್ತಾ ಹೇಳ್ತೀವಿ. ಅಜ್ಜಿ ಊಟ ಮಾಡಿ ಕೈ ತೊಳೆದು ಬಂದು ‘ನಂಗೆ ಯಾರೂ ಊಟ ಹಾಕ್ಲಿಲ್ಲ’ ಅಂದ್ರೆ, ವಯಸ್ಸಾಯ್ತಲ್ಲ ಬಿಡು ಅಂತೀವಿ. ಇದು ನಮ್ಮೊಬ್ಬರ ಅಜ್ಞಾನ ಅಂದ್ಕೋಬೇಡಿ. ಡಾಕ್ಟರುಗಳೂ ಸುಮಾರು 70 ವರ್ಷ ಇದನ್ನೇ ಹೇಳಿದ್ದು. ಆಗಸ್ಟೆಯ ಥರ ಐವತ್ತರ ಹರೆಯದಲ್ಲಿ ಬಂದ್ರೆ ಅದು ‘ಆಲ್ಝೈಮರ್ ಕಾಯಿಲೆ’, ಅಪರೂಪದ್ದು. ಎಪ್ಪತ್ತೈದಕ್ಕೆ ಬಂದ್ರೆ ಅದು ಬರೀ ಮುಪ್ಪು.

1976ರಲ್ಲಿ ರಾಬರ್ಟ್ ಕಾಟ್ಜ್‌ಮನ್ ಅನ್ನೋ ಅಮೆರಿಕದ ನರರೋಗ ತಜ್ಞ ಒಂದು ವೈದ್ಯಕೀಯ ಪತ್ರಿಕೆಗೆ ಚಿಕ್ಕ ಸಂಪಾದಕೀಯ ಬರೆದರು. ಎರಡೂ ಒಂದೇ ಕಾಯಿಲೆ, ವಯಸ್ಸಿನ ಗೆರೆ ಅಳಿಸಿ ಅಂದರು. ಅಷ್ಟೇ ಅಲ್ಲ, ಶೀರ್ಷಿಕೆಯಲ್ಲೇ ಇದನ್ನ ‘ಮಾರಕ’ ಅಂತ ಕರೆದರು. ಕ್ಯಾನ್ಸರ್ ಗಡ್ಡೆಗೆ ಡಾಕ್ಟರುಗಳು ಬಳಸುವ ಪದವನ್ನೇ ತಂದು ಮರೆವಿನ ಕಾಯಿಲೆಗೆ ಹಾಕಿದ್ದರು. ಅಮೆರಿಕದಲ್ಲಿ ಸಾವಿನ ಕಾರಣಗಳಲ್ಲಿ ಇದು ನಾಲ್ಕನೇದೋ ಐದನೇದೋ ಇರಬೇಕು, ಆದ್ರೆ ಸರ್ಕಾರದ ಪಟ್ಟಿಯಲ್ಲಿ ಇದರ ಹೆಸರೇ ಇಲ್ಲ ಅನ್ನೋದು ಅವರ ತಕರಾರು.

ಹೆಸರು ಯಾಕಿರಲಿಲ್ಲ ಅಂದ್ರೆ ಮರಣಪತ್ರದಲ್ಲಿ ಬರೀತಿದ್ದದ್ದು ‘ನ್ಯುಮೋನಿಯಾ’ ಅಂತ. ಅದು ಸುಳ್ಳಲ್ಲ. ನುಂಗೋದನ್ನ ನಡೆಸೋದು ಮೆದುಳು. ಅದು ಕೈ ಬಿಟ್ಟಾಗ ಅನ್ನ, ನೀರು, ಎಂಜಲು ತಪ್ಪು ದಾರಿ ಹಿಡಿದು ಶ್ವಾಸಕೋಶಕ್ಕೆ ಇಳಿಯುತ್ತೆ, ಅಲ್ಲಿ ಸೋಂಕಾಗುತ್ತೆ. ಕೊನೆಯ ಹೊಡೆತ ಸೋಂಕಿನದು, ಅದಕ್ಕೆ ಬಾಗಿಲು ತೆಗೆದದ್ದು ಮೆದುಳಿನ ಕಾಯಿಲೆ. ಇದನ್ನ ‘ಸಾಯುವ ಕಾಯಿಲೆ’ ಅಂತ ಒಪ್ಪಿಕೊಳ್ಳದೇ ಇದ್ದದ್ದರಿಂದ ಏನಾಯ್ತು ಅನ್ನೋದೇ ಮುಂದಿನ ಕಥೆ.

(3)

1967. ಲಂಡನ್ನಿನ ಸಿಡನ್‌ಹ್ಯಾಮ್‌ನಲ್ಲಿ ಸಿಸಿಲಿ ಸಾಂಡರ್ಸ್ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಶುರು ಮಾಡಿದರು. ಮೊದಲು ನರ್ಸ್, ಆಮೇಲೆ ಸಮಾಜ ಕಾರ್ಯಕರ್ತೆ, ಕೊನೆಗೆ ಡಾಕ್ಟರ್. (ಕೋರ್ಸ್ ಬದಲಾಯಿಸ್ಬೇಕು ಅಂತ ಒದ್ದಾಡ್ತಿರೋರಿಗೆ ಈ ಸಾಲು.) ಗುಣವಾಗದ ಕಾಯಿಲೆಯವರಿಗೆ ‘ಇನ್ನೇನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ’ ಅನ್ನೋ ಬದಲು, ಮಾಡೋದು ಬೇಕಾದಷ್ಟಿದೆ ಅಂತ ತೋರಿಸಿದ್ದು ಅವರು. ನೋವು ಶುರುವಾದ ಮೇಲೆ ಅಲ್ಲ, ಶುರುವಾಗೋ ಮುಂಚೆ ಗಂಟೆ ನೋಡಿ ಮಾರ್ಫಿನ್ ಕೊಡೋದು. ದೇಹದ ನೋವಿನ ಜೊತೆ ಭಯ, ಸಾಲ, ಮನೆಯವರ ಚಿಂತೆ ಎಲ್ಲವನ್ನೂ ನೋವು ಅಂತಲೇ ಲೆಕ್ಕ ಹಿಡಿಯೋದು.

ಆದ್ರೆ ಹಾಸ್ಪಿಸ್ ಅನ್ನೋ ಇಡೀ ಅಂಗಿ ಹೊಲಿದದ್ದು ಕ್ಯಾನ್ಸರಿನ ಅಳತೆಗೆ. ಕ್ಯಾನ್ಸರ್ ಬಹಳ ಸಲ ಕೊನೆಯ ಕೆಲವು ತಿಂಗಳಲ್ಲಿ ಬೇಗ ಇಳಿಯುತ್ತೆ. ಡಾಕ್ಟರ್ ಅಂದಾಜು ಹೇಳಬಹುದು. ಅಮೆರಿಕ 1982ರಲ್ಲಿ ವಯಸ್ಸಾದವರ ಸರ್ಕಾರಿ ವಿಮೆಯಲ್ಲಿ ಹಾಸ್ಪಿಸ್ ಸೇರಿಸಿದಾಗ ಹಾಕಿದ ಷರತ್ತೂ ಅದೇ: ಇನ್ನು ಆರು ತಿಂಗಳಿಗಿಂತ ಹೆಚ್ಚು ಬದುಕಲ್ಲ ಅಂತ ಡಾಕ್ಟರುಗಳು ಬರೆದುಕೊಡಬೇಕು.

ಡಿಮೆನ್ಷಿಯಾ ಹಾಗಲ್ಲ. ಅದು ಕೆರೆ ಬತ್ತಿದ ಹಾಗೆ. ವರ್ಷಗಟ್ಟಲೆ ನಿಧಾನಕ್ಕೆ ಇಳಿಯುತ್ತೆ, ಒಂದು ಜ್ವರ ಬಂದು ಇವತ್ತೋ ನಾಳೆಯೋ ಅನ್ನಿಸುತ್ತೆ, ಮತ್ತೆ ಚೇತರಿಸಿಕೊಂಡು ಎಂಟು ತಿಂಗಳು ಇರ್ತಾರೆ. ಆರು ತಿಂಗಳ ಚೀಟಿ ಯಾರು ಬರೆದುಕೊಡ್ತಾರೆ? ಹಾಗಾಗಿ ಹಾಸ್ಪಿಸ್ ಬಾಗಿಲು ಇವರಿಗೆ ಬಹುಕಾಲ ಅರ್ಧ ಮುಚ್ಚಿಯೇ ಇತ್ತು.

(4)

ಈಗ ಪೈಪಿನ ಕಥೆ.

ನಮ್ಮ ಆಸ್ಪತ್ರೆಗಳಲ್ಲಿ ಮೂಗಿನಿಂದ ಹೊಟ್ಟೆಗೆ ಹಾಕೋ ಪೈಪಿಗೆ ‘ರೈಲ್ಸ್ ಟ್ಯೂಬ್’ ಅಂತಾರಲ್ಲ, ರೈಲಿಗೂ ಅದಕ್ಕೂ ಸಂಬಂಧ ಇಲ್ಲ. ಜಾನ್ ರೈಲ್ ಅನ್ನೋ ಇಂಗ್ಲಿಷ್ ವೈದ್ಯರು 1921ರಲ್ಲಿ ಹೊಟ್ಟೆಯ ರಸ ಹೊರಗೆ ತೆಗೆದು ಪರೀಕ್ಷೆ ಮಾಡೋಕೆ ಬಳಕೆಗೆ ತಂದ ಸಣ್ಣ ರಬ್ಬರ್ ಕೊಳವೆ ಅದು. ತೆಗೆಯೋಕೆ ಬಂದ ಪೈಪು ಹಾಕೋಕೆ ಬಳಕೆಯಾಯ್ತು.

ಇನ್ನೊಂದು ಪೈಪು ನೇರ ಹೊಟ್ಟೆಗೆ ಹಾಕೋದು, ಪೆಗ್ ಅಂತಾರೆ. ಅದು ಹುಟ್ಟಿದ್ದು 1979ರ ಜೂನ್‌ನಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡಿನ ಮಕ್ಕಳ ಆಸ್ಪತ್ರೆಯಲ್ಲಿ. ಮೊದಲ ರೋಗಿಗೆ ನಾಲ್ಕೂವರೆ ತಿಂಗಳು. ಸರಿಯಾಗಿ ಹಾಲು ಕುಡಿಯಲಾಗದ ಕೂಸು, ಹೊಟ್ಟೆ ಕೊಯ್ದು ದೊಡ್ಡ ಆಪರೇಷನ್ ಮಾಡೋದು ಅಪಾಯ. ಮಕ್ಕಳ ಸರ್ಜನ್ ಮೈಕೆಲ್ ಗೌಡರರ್ ಮತ್ತು ಎಂಡೋಸ್ಕೋಪಿ ಮಾಡುತ್ತಿದ್ದ ಜೆಫ್ರಿ ಪಾನ್ಸ್ಕಿ ಸೇರಿ ಒಂದು ದಾರಿ ಹುಡುಕಿದರು. ಬಾಯಿಂದ ಎಂಡೋಸ್ಕೋಪ್ ಇಳಿಸಿದಾಗ ಅದರ ತುದಿಯ ದೀಪ ಮಗುವಿನ ತೆಳು ಹೊಟ್ಟೆಯ ಚರ್ಮದಿಂದ ಹೊರಗೆ ಹೊಳೆಯುತ್ತೆ. ಹೊಳೆದ ಜಾಗಕ್ಕೆ ಸೂಜಿ ಚುಚ್ಚಿ, ದಾರ ಎಳೆದು, ಆ ದಾರದ ಹಿಂದೆ ಪೈಪು ಎಳೆದುಕೊಂಡರು. ನಿಜಕ್ಕೂ ಜಾಣ ಕೆಲಸ. ಎಷ್ಟೋ ಮಕ್ಕಳನ್ನ, ಪಾರ್ಶ್ವವಾಯು ಆಗಿ ನುಂಗಲಾಗದವರನ್ನ, ಗಂಟಲು ಕ್ಯಾನ್ಸರಿನವರನ್ನ ಬದುಕಿಸಿದ ಪೈಪು ಅದು. ಪೈಪನ್ನೇ ಬೈಯೋಕೆ ನಾನು ಬಂದಿಲ್ಲ.

ತೊಂದರೆ ಏನಂದ್ರೆ, ಸುಲಭ ಆಯ್ತು. ದೊಡ್ಡ ಆಪರೇಷನ್ ಬೇಡ, ಪೂರ್ತಿ ಅರಿವಳಿಕೆ ಬೇಡ, ಅರ್ಧ ಗಂಟೆ ಸಾಕು. 1995ರ ಹೊತ್ತಿಗೆ ಅಮೆರಿಕದಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ವೃದ್ಧರಿಗೆ ಹೊಟ್ಟೆಗೆ ಪೈಪು ಹಾಕ್ತಿದ್ದರು. ಕೂಸಿಗೆ ಕಂಡುಹಿಡಿದದ್ದು ಅಜ್ಜ ಅಜ್ಜಿಯರ ಹೊಟ್ಟೆಗೆ ಬಂತು. 1999ರಲ್ಲಿ ಅಲ್ಲಿನ ನರ್ಸಿಂಗ್ ಹೋಮುಗಳಲ್ಲಿ, ಅರಿವಿನ ಶಕ್ತಿ ಬಹುಪಾಲು ಹೋಗಿದ್ದ 1,86,835 ವೃದ್ಧರ ದಾಖಲೆ ತೆಗೆದು ನೋಡಿದಾಗ ಶೇ. 34 ಮಂದಿಗೆ ಪೈಪಿತ್ತು. ಲಾಭಕ್ಕೆ ನಡೆಯುವ, ದೊಡ್ಡ, ನಗರದ ಹೋಮುಗಳಲ್ಲಿ ಪೈಪು ಜಾಸ್ತಿ. ಬಿಳಿಯರಿಗಿಂತ ಕಪ್ಪು ಜನರಿಗೆ ಜಾಸ್ತಿ. ಒಬ್ಬರಿಗೆ ಕೂತು ಬಾಯಿಗಿಟ್ಟು ತಿನ್ನಿಸೋಕೆ ಮುಕ್ಕಾಲು ಗಂಟೆಯೂ ಬೇಕಾಗಬಹುದು. ಪೈಪಿಗೆ ಅಷ್ಟು ಹೊತ್ತು ಯಾರೂ ಕೂರಬೇಕಾಗಿಲ್ಲ. ಲೆಕ್ಕ ಅರ್ಥ ಆಯ್ತಲ್ಲ?

ಗೌಡರರ್ ಅವರೇ ಇಪ್ಪತ್ತು ವರ್ಷದ ನಂತರ ತಮ್ಮ ಪೈಪಿನ ಚರಿತ್ರೆ ಬರೆಯುವಾಗ, ಇದು ಸರಳವಾಗಿರುವುದರಿಂದಲೇ ಬೇಡದ ಕಡೆಯೂ ಬಳಕೆಯಾಗುತ್ತಿದೆ ಅಂತ ಒಪ್ಪಿಕೊಂಡರು.

ನಮ್ಮಜ್ಜಿಗೆ ಹಾಕಿದ್ದು ಮೂಗಿನ ಪೈಪು. ಆಸ್ಪತ್ರೆ ಹೆಸರು ಬೇಡ. ಎರಡು ಸಲ ಕಿತ್ತು ಹಾಕಿದ್ರು. ಮೂರನೇ ಸಲ ಹಾಕಿ, ಎರಡೂ ಕೈಗಳನ್ನ ಬ್ಯಾಂಡೇಜ್ ಬಟ್ಟೆಯಲ್ಲಿ ಮಂಚದ ಸರಳಿಗೆ ಕಟ್ಟಿದ್ರು. ನಾನಾಗ ಪಿಯುಸಿ. ಅಜ್ಜಿ ಮಾತು ನಿಂತು ವರ್ಷ ಆಗಿತ್ತು, ಆದ್ರೆ ಕಟ್ಟಿದ ಕೈಯ ಬೆರಳುಗಳು ಮಾತ್ರ ಗಂಟು ಹುಡುಕ್ತಾನೇ ಇದ್ವು. ಕೈ ಕಟ್ಟೋ ಕಾಗದಕ್ಕೆ ಸಹಿ ಹಾಕಿದ್ದು ನಮ್ಮಪ್ಪ. ‘ಹಾಕ್ಸದೇ ಇದ್ರೆ ಉಪವಾಸ ಕೆಡವಿ ಸಾಯಿಸಿದ್ರು ಅಂತಾರೆ ಕಣೋ’ ಅಂದ್ರು.

(5)

ಅಪ್ಪ ಹೇಳಿದ್ದನ್ನ ಜಗತ್ತಿನ ಎಲ್ಲ ಮಕ್ಕಳೂ ಹೇಳ್ತಾರೆ. ಹಾಗಾಗಿ ಪ್ರಶ್ನೆ ಸರಿಯಾಗೇ ಕೇಳೋಣ: ಡಿಮೆನ್ಷಿಯಾದ ಕೊನೇ ಹಂತದಲ್ಲಿ ಪೈಪು ಹಾಕಿದ್ರೆ ಜಾಸ್ತಿ ದಿನ ಬದುಕ್ತಾರಾ?

1999ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಥಾಮಸ್ ಫಿನುಕೇನ್ ಮತ್ತು ಜೊತೆಯವರು ಅದುವರೆಗೆ ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಪ್ರಕಟವಾದ ಅಧ್ಯಯನಗಳನ್ನ ಹುಡುಕಿ ಒಂದೊಂದೇ ನಂಬಿಕೆಗೆ ಆಧಾರ ಇದೆಯಾ ಅಂತ ನೋಡಿದರು. ಆಯುಷ್ಯ ಹೆಚ್ಚುತ್ತೆ ಅನ್ನೋದಕ್ಕೆ ಆಧಾರ ಸಿಗಲಿಲ್ಲ. ನ್ಯುಮೋನಿಯಾ ತಪ್ಪುತ್ತೆ ಅನ್ನೋದಕ್ಕೂ ಇಲ್ಲ, ಹಾಸಿಗೆ ಹುಣ್ಣು ಕಡಿಮೆಯಾಗುತ್ತೆ ಅನ್ನೋದಕ್ಕೂ ಇಲ್ಲ. ಮರುವರ್ಷ ಬಾಸ್ಟನ್ನಿನ ವೃದ್ಧರ ವೈದ್ಯೆ ಮ್ಯೂರಿಯಲ್ ಗಿಲಿಕ್ ಇನ್ನೊಂದು ದೊಡ್ಡ ಪತ್ರಿಕೆಯಲ್ಲಿ, ಈ ಪದ್ಧತಿಯನ್ನೇ ಮತ್ತೆ ಯೋಚಿಸಬೇಕು ಅಂತ ಬರೆದರು.

ಕೇಳೋಕೆ ವಿಚಿತ್ರ. ಊಟ ಹೋದ್ರೆ ಶಕ್ತಿ ಬರಬೇಕಲ್ವಾ? ಆದ್ರೆ ನೋಡಿ, ಪೈಪು ಗಂಟಲನ್ನ ಬೈಪಾಸ್ ಮಾಡುತ್ತೆ ನಿಜ, ಎಂಜಲನ್ನ ತಡೆಯಲ್ಲ. ಹೊಟ್ಟೆಗೆ ಹೋದದ್ದು ಮೇಲಕ್ಕೆ ಉಕ್ಕೋದನ್ನೂ ತಡೆಯಲ್ಲ. ಶ್ವಾಸಕೋಶಕ್ಕೆ ಇಳಿಯೋದು ಇಳಿಯುತ್ತಲೇ ಇರುತ್ತೆ. ಪೈಪು ಕೀಳಬಾರದು ಅಂತ ಕೈ ಕಟ್ತಾರೆ, ಕೈ ಕಟ್ಟಿದ ಮೇಲೆ ಮಗ್ಗುಲು ಬದಲಾಯಿಸಲ್ಲ, ಭೇದಿಯೂ ಆಗ್ತಿದ್ರೆ ಬೆನ್ನು ಒದ್ದೆ. 2012ರ ಒಂದು ದೊಡ್ಡ ಅಧ್ಯಯನದಲ್ಲಿ ಹೊಟ್ಟೆಗೆ ಪೈಪು ಹಾಕಿದವರಿಗೆ ಹೊಸ ಹುಣ್ಣಾಗೋ ಸಂಭವ ಹಾಕದವರಿಗಿಂತ ಎರಡು ಪಟ್ಟಿಗೂ ಹೆಚ್ಚು ಕಂಡಿತು. ಆಗಸ್ಟೆಯನ್ನ ಕೊಂದ ಅದೇ ಹುಣ್ಣು.

ಇನ್ನೊಂದು ವಿಷಯ ಅರಗಿಸಿಕೊಳ್ಳೋಕೆ ನನಗೆ ಬಹಳ ದಿನ ಬೇಕಾಯ್ತು. ಈ ಹಂತದಲ್ಲಿ ಊಟ ಬಿಟ್ಟದ್ದರಿಂದ ಸಾಯ್ತಿಲ್ಲ, ಸಾಯ್ತಿರೋದರಿಂದ ಊಟ ಬಿಡ್ತಿದ್ದಾರೆ. ದೇಹ ಮುಚ್ಚಿಕೊಳ್ಳೋವಾಗ ಹಸಿವೂ ಕಡಿಮೆಯಾಗ್ತಾ ಬರುತ್ತೆ. ಬಾಯಿ ಒಣಗೋದು ಮಾತ್ರ ಹಿಂಸೆ, ಅದಕ್ಕೆ ತುಟಿ, ನಾಲಿಗೆ ಒದ್ದೆ ಮಾಡ್ತಾ ಇರಬೇಕು.

2013ರಲ್ಲಿ ಅಮೆರಿಕದ ವೃದ್ಧರ ವೈದ್ಯರ ಸಂಘ ಸ್ಪಷ್ಟವಾಗಿ ಹೇಳಿತು: ಡಿಮೆನ್ಷಿಯಾ ಕೊನೇ ಹಂತದಲ್ಲಿ ಹೊಟ್ಟೆಗೆ ಪೈಪು ಸಲಹೆ ಮಾಡಬೇಡಿ, ಕೈಯಲ್ಲಿ ತಿನ್ನಿಸಿ. 2000ರಲ್ಲಿ ಅಲ್ಲಿನ ನರ್ಸಿಂಗ್ ಹೋಮುಗಳಲ್ಲಿ ಈ ಸ್ಥಿತಿಗೆ ಬಂದವರ ಪೈಕಿ ಶೇ. 11.7 ಮಂದಿಗೆ ಒಂದು ವರ್ಷದೊಳಗೆ ಹೊಸದಾಗಿ ಪೈಪು ಹಾಕ್ತಿದ್ದರು, 2014ಕ್ಕೆ ಅದು ಶೇ. 5.7ಕ್ಕೆ ಇಳಿಯಿತು. ಕಪ್ಪು ಜನರಲ್ಲೂ ಇಳಿಯಿತು, ಆದ್ರೆ ಶೇ. 37.5ರಿಂದ 17.5ಕ್ಕೆ. ಬಿಳಿಯರಲ್ಲಿ 8.6ರಿಂದ 3.1ಕ್ಕೆ. ಚರಿತ್ರೆ ಎಲ್ಲರ ಮನೆಗೂ ಒಂದೇ ದಿನ ಬರಲ್ಲ.

ಅಪ್ಪನಿಗೆ ಈ ಅಂಕಿಗಳನ್ನ ನಾನಿನ್ನೂ ತೋರಿಸಿಲ್ಲ.

(6)

ಸ್ವಲ್ಪ ಹಿಂದಕ್ಕೆ ಹೋಗೋಣ, ಮ್ಯಾಸಚೂಸೆಟ್ಸ್‌ನ ಬೆಡ್‌ಫರ್ಡ್ ಊರಿನ ಮಾಜಿ ಸೈನಿಕರ ಆಸ್ಪತ್ರೆಗೆ. ಉಳಿದವರು ಪೈಪು ಹಾಕ್ತಿದ್ದ ಅದೇ 1980ರ ದಶಕದಲ್ಲಿ ಲಾಡಿಸ್ಲಾವ್ ವೊಲಿಸರ್ ಅನ್ನೋ ವೈದ್ಯರು, ಅಲ್ಲಿನ ನರ್ಸುಗಳು ಸೇರಿ ಹಾಸ್ಪಿಸ್ ರೀತಿಯನ್ನ ಡಿಮೆನ್ಷಿಯಾ ವಾರ್ಡಿಗೆ ತಂದರು. ಮನೆಯವರನ್ನ ಕೂರಿಸಿಕೊಂಡು ಮುಂಚೆಯೇ ಮಾತಾಡಿ ನಿರ್ಧಾರ ಮಾಡೋದು: ಎದೆ ಬಡಿತ ನಿಂತರೆ ಗುದ್ದಬೇಕಾ? ಜ್ವರ ಬಂದ್ರೆ ದೊಡ್ಡಾಸ್ಪತ್ರೆಗೆ ಒಯ್ಯಬೇಕಾ? ಪೈಪು ಬೇಕಾ, ಇಲ್ಲಾ ಆರಾಮ ಮಾತ್ರ ಸಾಕಾ? 1986ರಲ್ಲಿ ಇದನ್ನ ಪ್ರಕಟಿಸಿದಾಗ ಡಿಮೆನ್ಷಿಯಾಕ್ಕೂ ಹಾಸ್ಪಿಸ್ ಸಲ್ಲುತ್ತೆ ಅಂತ ವಾರ್ಡಿನ ಅನುಭವದಿಂದ ಹೇಳಿದವರಲ್ಲಿ ಇವರು ಮೊದಲಿಗರು.

ಇದೇ ಬೆಡ್‌ಫರ್ಡಿನಿಂದ 2003ರಲ್ಲಿ ಇನ್ನೊಂದು ಬಂತು, ಅದನ್ನ ನೀವು ಇವತ್ತೇ ಕಲೀಬಹುದು.

ಹಿನ್ನೆಲೆ ಇದು. ನ್ಯೂಯಾರ್ಕಿನಲ್ಲಿ ಸೊಂಟದ ಮೂಳೆ ಮುರಿದು ಬಂದ ವೃದ್ಧರನ್ನ ಹೋಲಿಸಿ ನೋಡಿದ್ದರು. ಮುರಿದದ್ದು ಅದೇ ಮೂಳೆ, ಆದರೆ ಡಿಮೆನ್ಷಿಯಾ ಇದ್ದವರಿಗೆ ಸಿಕ್ಕ ನೋವಿನ ಔಷಧಿ, ಬುದ್ಧಿ ನೆಟ್ಟಗಿದ್ದವರಿಗೆ ಸಿಕ್ಕದ್ದರ ಮೂರನೇ ಒಂದು ಭಾಗ. ಅದು 2000ನೇ ಇಸವಿ. ಇವರಿಗೆ ನೋವು ಕಡಿಮೆ ಅಂತಲ್ಲ. ‘ನೋವಾಗ್ತಿದೆ’ ಅನ್ನೋ ವಾಕ್ಯ ಬರಲ್ಲ, ಅಷ್ಟೇ.

ಹಾಗಾದ್ರೆ ವಾಕ್ಯ ಇಲ್ಲದೆ ನೋವು ಅಳೆಯೋದು ಹೇಗೆ? ಬೆಡ್‌ಫರ್ಡಿನವರ ಅಳತೆಯ ಹೆಸರು ಪೈನಾಡ್. ಐದು ಕಡೆ ನೋಡಬೇಕು. ಉಸಿರಾಟ ಏದುಸಿರಾಗಿದೆಯಾ, ನರಳ್ತಾರಾ ಕೂಗ್ತಾರಾ, ಮುಖ ಸಿಂಡರಿಸಿದೆಯಾ, ಮೈ ಬಿಗಿ ಹಿಡಿದಿದೆಯಾ ಮುಷ್ಟಿ ಕಟ್ಟಿದೆಯಾ, ಮುಟ್ಟಿ ಮಾತಾಡಿಸಿದ್ರೆ ಸಮಾಧಾನ ಆಗ್ತಾರಾ. ಒಂದೊಂದಕ್ಕೂ 0ಯಿಂದ 2, ಒಟ್ಟು 10. ಮೆಷಿನ್ ಬೇಡ, ರಕ್ತ ಬೇಡ, ಐದು ನಿಮಿಷ ಪಕ್ಕದಲ್ಲಿ ನಿಂತು ನೋಡೋ ತಾಳ್ಮೆ ಇದ್ರೆ ಸಾಕು. ಸ್ನಾನ ಮಾಡಿಸೋವಾಗ, ಮಗ್ಗುಲು ಬದಲಾಯಿಸೋವಾಗ ನೋಡಬೇಕು, ನೋವು ಬಯಲಾಗೋದು ಆಗಲೇ.

ಇದರಿಂದ ಏನಾಗುತ್ತೆ? ನಾರ್ವೆಯ 18 ನರ್ಸಿಂಗ್ ಹೋಮುಗಳಲ್ಲಿ ಡಿಮೆನ್ಷಿಯಾ ಇದ್ದು ಬಹಳ ರೇಗುತ್ತಿದ್ದ, ಕಿರುಚುತ್ತಿದ್ದ 352 ಜನರ ಮೇಲೆ ಒಂದು ಪ್ರಯೋಗ ಆಯ್ತು, ಫಲಿತಾಂಶ ಬಂದದ್ದು 2011ರಲ್ಲಿ. ಒಂದು ಗುಂಪಿಗೆ ಮಾಮೂಲಿ ಆರೈಕೆ. ಇನ್ನೊಂದು ಗುಂಪಿಗೆ ಹಂತ ಹಂತವಾಗಿ ನೋವಿನ ಔಷಧಿ, ಬಹುಪಾಲು ಜನಕ್ಕೆ ಬರೀ ಪ್ಯಾರಾಸಿಟಮಾಲ್. ಎಂಟು ವಾರದಲ್ಲಿ ಆ ಗುಂಪಿನ ರೇಗಾಟ ಶೇ. 17ರಷ್ಟು ಇಳಿಯಿತು. ‘ಹಟ ಮಾಡ್ತಾರೆ’ ಅಂತ ನಾವಂದುಕೊಂಡದ್ದರಲ್ಲಿ ಒಂದು ಪಾಲು ಮಂಡಿ ನೋವು, ಹಲ್ಲು ನೋವು ಇದ್ದಿರಬೇಕು.

ನಮ್ಮಜ್ಜಿ ಸ್ನಾನ ಅಂದ್ರೆ ಹೊಡೆಯೋಕೆ ಬರ್ತಿದ್ರು. ಎಲ್ಲರೂ ‘ನೀರು ಕಂಡ್ರೆ ಆಗಲ್ಲ ಅವರಿಗೆ’ ಅಂತಿದ್ವಿ. ಭುಜ ಎತ್ತಿ ನೋಡಿದವರು ನಮ್ಮಲ್ಲಿ ಯಾರೂ ಇಲ್ಲ.

(7)

ಇದೊಂದು ಚಿಕ್ಕದು, ಆದ್ರೆ ಇಡೀ ಸರಣಿಯಲ್ಲಿ ಒಂದೇ ಓದ್ತೀವಿ ಅಂದ್ರೆ ಇದನ್ನ ಓದಿ.

2009ರಲ್ಲಿ ಹಾರ್ವರ್ಡಿನ ಸೂಸನ್ ಮಿಚೆಲ್ ಮತ್ತು ಜೊತೆಯವರ ಅಧ್ಯಯನ ಪ್ರಕಟವಾಯ್ತು. ಬಾಸ್ಟನ್ ಸುತ್ತಲ 22 ನರ್ಸಿಂಗ್ ಹೋಮುಗಳಲ್ಲಿ ಡಿಮೆನ್ಷಿಯಾದ ಕೊನೇ ಹಂತದಲ್ಲಿದ್ದ 323 ಜನರನ್ನ 18 ತಿಂಗಳು ಹಿಂಬಾಲಿಸಿದ್ದರು. ಅಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು, ಶೇ. 54.8 ಮಂದಿ ತೀರಿಕೊಂಡರು. ಹೆಚ್ಚಿನವರು ಹೃದಯಾಘಾತ, ಕ್ಯಾನ್ಸರಿನಂಥ ಬೇರೆ ದೊಡ್ಡ ಕಾಯಿಲೆ ಬಂದು ಹೋದದ್ದಲ್ಲ. ಜ್ವರ, ನ್ಯುಮೋನಿಯಾ, ಊಟ ಸೇರದಿರೋದು, ಈ ಮೂರೇ ಮೂರು. ಸುಮಾರು ಶೇ. 86 ಮಂದಿಗೆ ಊಟದ ತೊಂದರೆ ಬಂತು. 33 ವರ್ಷದ ಹಿಂದೆ ಕಾಟ್ಜ್‌ಮನ್ ‘ಮಾರಕ’ ಅಂದದ್ದಕ್ಕೆ ಲೆಕ್ಕ ಸಿಕ್ಕಿತು.

ಸತ್ತವರಲ್ಲಿ ಶೇ. 40.7 ಮಂದಿಗೆ ಕೊನೇ ಮೂರು ತಿಂಗಳಲ್ಲಿ ಆಸ್ಪತ್ರೆ, ತುರ್ತು ಚಿಕಿತ್ಸೆ, ಡ್ರಿಪ್ಪು, ಪೈಪು ಇವುಗಳಲ್ಲಿ ಒಂದಾದರೂ ಆಗಿತ್ತು. ಆದ್ರೆ ಅವರಿಗಾಗಿ ನಿರ್ಧಾರ ಮಾಡುತ್ತಿದ್ದ ಮನೆಯವರಿಗೆ, ಇನ್ನು ಹೆಚ್ಚು ದಿನ ಇಲ್ಲ ಅನ್ನೋದೂ ಏನೇನು ತೊಂದರೆ ಬರಬಹುದು ಅನ್ನೋದೂ ಅರ್ಥವಾಗಿದ್ದ ಕಡೆ ಇಂಥ ಎಳೆದಾಟ ಬಹಳ ಬಹಳ ಕಡಿಮೆ ಇತ್ತು. ಹೊಸ ಔಷಧಿ ಇಲ್ಲ, ಹೊಸ ಯಂತ್ರ ಇಲ್ಲ. ಯಾರೋ ಒಬ್ಬರು ಕೂರಿಸಿಕೊಂಡು ಹೇಳಿದ್ದರು, ಅಷ್ಟೇ ವ್ಯತ್ಯಾಸ.

ನಮ್ಮಪ್ಪನಿಗೆ ಯಾರೂ ಹೇಳಿರಲಿಲ್ಲ.

(8)

2010ರಲ್ಲಿ ಅಮೆರಿಕದ ವೈದ್ಯರ ಒಂದು ಗುಂಪು (ಮಿಚೆಲ್ ಇದರಲ್ಲೂ ಇದ್ದರು) ಒಂದು ಹೊಸ ಆದೇಶದ ಹೆಸರು ಸೂಚಿಸಿತು. ಅದುವರೆಗೆ ಪೈಪು ಬೇಡ ಅಂದವರ ಚಾರ್ಟಿನಲ್ಲಿ ‘ಕೃತಕ ಆಹಾರ ಬೇಡ’ ಅಂತ ಬರೀತಿದ್ದರು. ಮನೆಯವರ ಕಿವಿಗೆ ಅದು ‘ಊಟ ಬೇಡ’ ಅಂತ ಕೇಳ್ತಿತ್ತು. ಅದರ ಬದಲು ಏನು ಮಾಡ್ತೀವಿ ಅನ್ನೋದನ್ನ ಬರೆಯೋಣ ಅಂದರು. ಅವರ ಇಂಗ್ಲಿಷ್ ಹೆಸರು ಬೇಡ, ನಮ್ಮಲ್ಲಿ ಅದಕ್ಕೆ ಹಳೇ ಪದ ಇದೆ: ಕೈತುತ್ತು.

ತಲೆ, ಬೆನ್ನು ಎತ್ತಿ ಕೂರಿಸಿ, ಎಚ್ಚರವಾಗಿರೋ ಹೊತ್ತು ನೋಡಿ, ಚಮಚದ ತುದಿಯಲ್ಲಿ ಗಂಜಿಯೋ ಪಾಯಸವೋ ಅವರಿಗೆ ಇಷ್ಟವಾದದ್ದು. ನುಂಗಿದರಾ ಅಂತ ನೋಡಿ ಇನ್ನೊಂದು. ಕೆಮ್ಮಿದ್ರೆ, ಬಾಯಿ ಮುಚ್ಚಿದ್ರೆ ನಿಲ್ಲಿಸಿ. ಇಷ್ಟು ಗ್ರಾಂ ಹೋಗಲೇಬೇಕು ಅನ್ನೋ ಗುರಿ ಇಲ್ಲ. ತಿನ್ನದ ದಿನವೂ ಪಕ್ಕದಲ್ಲಿ ಕೂತು ತುಟಿ ಒರೆಸಿ, ಕೈ ಹಿಡ್ಕೊಂಡು ಮಾತಾಡೋದು. 2014ರಲ್ಲಿ ಯುರೋಪಿನ ಉಪಶಮನ ಆರೈಕೆಯ ಸಂಘ 23 ದೇಶಗಳ 64 ತಜ್ಞರನ್ನ ಕೇಳಿ ಡಿಮೆನ್ಷಿಯಾದ ಕೊನೇ ಆರೈಕೆಗೆ 57 ಶಿಫಾರಸು ಮಾಡಿತು. ಅದರ ಜೀವಾಳವೂ ಇದೇ, ದಿನ ಹೆಚ್ಚಿಸೋದಕ್ಕಿಂತ ಆರಾಮ ಮುಂದೆ.

ಆದ್ರೆ ಇಲ್ಲೊಂದು ಎಚ್ಚರಿಕೆ, ಇದನ್ನ ಬಿಟ್ಟು ಬರೆದ್ರೆ ಚರಿತ್ರೆಗೆ ಮೋಸ. ಇಂಗ್ಲೆಂಡಿನಲ್ಲಿ ‘ಲಿವರ್‌ಪೂಲ್ ಕೇರ್ ಪಾಥ್‌ವೇ’ ಅಂತ ಇತ್ತು. ಹಾಸ್ಪಿಸ್ಸಿನ ಒಳ್ಳೇ ಆರೈಕೆಯನ್ನ ಒಂದು ಫಾರ್ಮಿಗೆ ಇಳಿಸಿ ಎಲ್ಲ ಆಸ್ಪತ್ರೆಗೂ ಹಂಚೋ ಸದುದ್ದೇಶ. ಬರ್ತಾ ಬರ್ತಾ ಕೆಲವು ಕಡೆ ಅದು ಟಿಕ್ ಹಾಕೋ ಕಾಗದ ಆಯ್ತು. ಮನೆಯವರಿಗೆ ಹೇಳದೇ ಹಾಕಿದ್ರು, ಬಾಯಾರಿದವರಿಗೆ ನೀರು ಕೊಡಲು ಬಿಡಲಿಲ್ಲ ಅಂತೆಲ್ಲ ದೂರು ಬಂದವು. ಜೂಲಿಯಾ ನ್ಯೂಬರ್ಗರ್ ಅಧ್ಯಕ್ಷತೆಯ ಸಮಿತಿ 2013ರ ಜುಲೈನಲ್ಲಿ ವರದಿ ಕೊಟ್ಟು, ಇದನ್ನ ಕೈಬಿಡಿ ಅಂದಿತು. ಕೈ ಬಿಟ್ಟರು.

ಅಂದ್ರೆ ಪೈಪು ಕಿತ್ತು ಪಕ್ಕದ ಕುರ್ಚಿಯನ್ನೂ ಖಾಲಿ ಬಿಟ್ಟರೆ ಅದು ಆರೈಕೆ ಅಲ್ಲ. ‘ಉಪವಾಸ ಕೆಡವಿದ್ರು’ ಅನ್ನೋ ಊರಿನ ಮಾತು ಆಗ ನಿಜವೇ ಆಗುತ್ತೆ. ನಂಗೆ ಫಾರ್ಮುಗಳ ಮೇಲೆ ಪೂರ್ತಿ ನಂಬಿಕೆ ಇಲ್ಲದ್ದು ಇದಕ್ಕೇ.

(9)

ಕೊನೇದು, ನಮ್ಮ ಕಡೆಗೆ.

2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಸಮೀಕ್ಷೆಯ ಅಂದಾಜಿನಲ್ಲಿ ಭಾರತದ 60 ದಾಟಿದವರಲ್ಲಿ ಶೇ. 7.4 ಮಂದಿಗೆ ಡಿಮೆನ್ಷಿಯಾ ಇದೆ, ಸುಮಾರು 88 ಲಕ್ಷ ಜನ. ಅವರಿಗಾಗಿ ದನಿ ಎತ್ತಿದ ಸಂಘ ಹುಟ್ಟಿದ್ದು 1992ರಲ್ಲಿ, ಕೇರಳದ ಕುನ್ನಂಕುಳಂನಲ್ಲಿ, ಡಾ. ಜೇಕಬ್ ರಾಯ್ ಕುರಿಯಾಕೋಸ್ ಅವರಿಂದ. ಮರುವರ್ಷ ಕೋಯಿಕ್ಕೋಡಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಗೆಳೆಯರು ನೋವು ಮತ್ತು ಉಪಶಮನ ಆರೈಕೆಯ ಸೊಸೈಟಿ ಕಟ್ಟಿದರು. ಅಲ್ಲಿಂದ ಬೆಳೆದದ್ದು ನೆರೆಹೊರೆಯವರೇ ತರಬೇತಿ ಪಡೆದು, ನರ್ಸ್ ಜೊತೆ ಮನೆಗೇ ಬಂದು ಹುಣ್ಣು ಒರೆಸಿ, ಮಗ್ಗುಲು ಹೊರಳಿಸೋದು ಹೇಳಿಕೊಡೋ ವ್ಯವಸ್ಥೆ. 2008ರಲ್ಲಿ ಕೇರಳ ಸರ್ಕಾರ ಅದಕ್ಕೆ ನೀತಿಯನ್ನೇ ಮಾಡಿತು. ಬೆಂಗಳೂರಿನಲ್ಲಿ 1999ರಿಂದ ಕರುಣಾಶ್ರಯ ಇದೆ. ಅದೂ ಸೇಂಟ್ ಕ್ರಿಸ್ಟೋಫರ್ಸ್ ಥರ ಕ್ಯಾನ್ಸರ್ ರೋಗಿಗಳಿಗಾಗಿ ಶುರುವಾದದ್ದು.

ಇನ್ನು ಕಾನೂನು. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್, ಘನತೆಯಿಂದ ಸಾಯೋದೂ ಬದುಕುವ ಹಕ್ಕಿನ ಭಾಗ ಅಂತ ಹೇಳಿತು. ಗುಣವಾಗುವ ಆಸೆಯೇ ಇಲ್ಲದಾಗ ನನಗೆ ಜೀವ ಹಿಡಿದಿಡೋ ಚಿಕಿತ್ಸೆ ಬೇಡ ಅಂತ ಮುಂಚೆಯೇ ಬರೆದಿಡಬಹುದು. ಇಂಜೆಕ್ಷನ್ ಕೊಟ್ಟು ಸಾಯಿಸೋದಕ್ಕೂ ಇದಕ್ಕೂ ಸಂಬಂಧ ಇಲ್ಲ, ಅದು ಈಗಲೂ ಅಪರಾಧ. 2018ರ ನಿಯಮದಲ್ಲಿ ಆ ಪತ್ರಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು, ಯಾರು ಹೋಗ್ತಾರೆ? 2023ರ ಜನವರಿ 24ರಂದು ಅದನ್ನ ಸಡಿಲ ಮಾಡಿದರು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ಆಸ್ಪತ್ರೆಯಲ್ಲಿ ಒಂದಾದ ಮೇಲೊಂದು ಎರಡು ವೈದ್ಯರ ಮಂಡಳಿ ಒಪ್ಪಬೇಕು. ಇದನ್ನ ಜಾರಿ ಮಾಡೋಕೆ ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ ಕೊನೆಯಲ್ಲಿ ಸುತ್ತೋಲೆ ಹೊರಡಿಸಿತು. ಇದಕ್ಕಾಗಿ ವರ್ಷಗಟ್ಟಲೆ ಕೇಳ್ತಾ ಬಂದವರಲ್ಲಿ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಒಬ್ಬರು, ಸುತ್ತೋಲೆ ಬಂದಾಗ ಅವರಿಗೆ 85.

ಕರಿಬಸಮ್ಮನವರಿಗೆ ತಮ್ಮ ಮಾತು ತಾವೇ ಹೇಳುವ ಶಕ್ತಿ ಇದೆ. ಡಿಮೆನ್ಷಿಯಾದ ತೊಡಕು ಇರೋದೇ ಅಲ್ಲಿ. ಪತ್ರ ಬರೆಯೋವಾಗ ಬುದ್ಧಿ ಸ್ವಾಧೀನದಲ್ಲಿರಬೇಕು ಅನ್ನುತ್ತೆ ಕಾನೂನು. ಪತ್ರ ಬೇಕಾಗೋ ಹೊತ್ತಿಗೆ ಆ ಸ್ವಾಧೀನ ಇರಲ್ಲ. ಮರೆವು ಶುರುವಾಗಿದೆ ಅಂತ ಗೊತ್ತಾದ ದಿನಕ್ಕೂ, ಏನು ಬೇಕು ಅಂತ ಹೇಳಲಾಗದ ದಿನಕ್ಕೂ ನಡುವೆ ಸ್ವಲ್ಪ ಕಾಲ ಇರುತ್ತೆ. ನಾವು ಆ ಕಾಲವನ್ನ ‘ಅರಳು ಮರಳು ಬಿಡು’ ಅಂತ ನಕ್ಕು ಕಳೀತೀವಿ. ನಮ್ಮಜ್ಜಿಗೆ ಅದು ಸುಮಾರು ಎರಡು ವರ್ಷ ಇತ್ತು. ಏನು ಕೇಳಿದ್ವಿ? ‘ನಾನ್ಯಾರು ಹೇಳಿ ನೋಡೋಣ’ ಅಂತ ಪರೀಕ್ಷೆ ಮಾಡ್ತಿದ್ವಿ.

ನಮ್ಮ ಕ್ಲಾಸಿನ ಒಬ್ಬಳ ತಾತನಿಗೆ ಇತ್ತೀಚೆಗೆ ಡಾಕ್ಟರ್ ಡಿಮೆನ್ಷಿಯಾ ಶುರು ಅಂತ ಹೇಳಿದ್ರು. ಇದರ ಬಗ್ಗೆ ಕೇಳೋಕೆ ಅವಳಿಗೆ ಸಂಕೋಚ, ಅಪಶಕುನ ಅಂತಾರೇನೋ ಅಂತ ಭಯ. ಕೊನೆಗೆ ಸಂಜೆ ಕಾಫಿ ಕುಡೀತಾ ಕೇಳಿದಳು: ‘ತಾತ, ಮುಂದೆ ನಿಮಗೆ ಊಟ ಮಾಡೋಕೆ ಆಗದೇ ಹೋದ್ರೆ ಪೈಪಲ್ಲಿ ಹಾಕ್ಸೋದಾ?’ ತಾತ ಸ್ವಲ್ಪವೂ ಬೇಜಾರು ಮಾಡ್ಕೊಳ್ಳಲಿಲ್ಲವಂತೆ. ಅವರ ಅಣ್ಣನಿಗೆ ಹಾಕಿದ್ದನ್ನ ನೋಡಿದ್ದರಂತೆ. ಪೈಪು ಬೇಡ, ಐಸಿಯು ಬೇಡ, ತೀರಾ ಆಗದಿದ್ರೆ ಕಾಫಿಯನ್ನ ಬಟ್ಟೆಯಲ್ಲಿ ಅದ್ದಿ ತುಟಿಗೆ ಒತ್ತಿ, ಸಕ್ಕರೆ ಹಾಕಿರ್ಲಿ ಅಂದ್ರಂತೆ. ಅವಳು ಅದನ್ನ ದಿನಾಂಕ ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ. ಅವರಪ್ಪನನ್ನ ಒಪ್ಪಿಸಿ ನೋಟರಿ ಹತ್ರ ಹೋಗೋದು ಇನ್ನೂ ಬಾಕಿ ಇದೆ.

#ಚರಿತ್ರೆಸರಣಿ #ಡಿಮೆನ್ಷಿಯಾ #ಕೈತುತ್ತು